ಮಳೆ ಹಿಡಿದ ಮೇಲೆ ನಾಯಿಗೆ ಪಾಠ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಕೆಲವು ವರ್ಷ ಅದನ್ನೂ ಹಿಂದೆ ಹಾಕುವುದುಂಟು. ನಾಯಿ ಪಳಗಿಸುವ ಪುಸ್ತಕಗಳು ಇಂಥ ಸೀಮೆಯನ್ನು ನೆನೆದು ಬರೆದವಲ್ಲ. ಸಾಗರದ ಪೇಟೆ ಬೀದಿಯಿಂದಲೋ, ತೀರ್ಥಹಳ್ಳಿ ಕಡೆ ಊರು ಬಿಟ್ಟು ಹೋದವರ ಮನೆಯಿಂದಲೋ ತಂದ ಬೆಳೆದ ನಾಯಿ ಮೇ ತಿಂಗಳಿಡೀ ಮರ್ಯಾದೆಯಿಂದ ಇರುತ್ತದೆ. ಜೂನಿನಲ್ಲಿ ಮಳೆ ಹಿಡಿಯಿತೋ, ಜಗಲಿ ಮೂಲೆ ಉಚ್ಚೆಯಿಂದ ಒದ್ದೆ.

ಅಂಗಳದಲ್ಲೇ ಕಟ್ಟಿಹಾಕಿದರಾಯಿತು ಎನ್ನುವಂತಿಲ್ಲ, ಚಿರತೆಯ ಕಾಟ. ಮಹಾರಾಷ್ಟ್ರದ ಅಕೋಲೆ ಸುತ್ತಲಿನ ಹಳ್ಳಿಗಳಲ್ಲಿ ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ, ಅದರ ಆಹಾರದ ತೂಕದಲ್ಲಿ ಶೇಕಡಾ 39 ಪಾಲು ನಾಯಿಯದೇ ಎಂದು ಲೆಕ್ಕ ಸಿಕ್ಕಿತು. ತೋಟದ ನಡುವಿನ ಒಂಟಿ ಮನೆಯವರಿಗೆ ಇದನ್ನು ಸಂಶೋಧಕರು ಹೇಳಬೇಕಿಲ್ಲ. ಕತ್ತಲಾದ ಮೇಲೆ ನಾಯಿ ಬಾಗಿಲೊಳಗೆ ಇರಲೇಬೇಕು. ಹಾಗಾಗಿ ಅದಕ್ಕೆ ಒಳಗಿನ ಶಿಸ್ತೂ ಬೇಕು.

ಈ ಶಿಸ್ತಿನ ಬುಡ ಮರಿಯ ವಯಸ್ಸಿನಲ್ಲಿದೆ. ಹುಟ್ಟಿದ ಮೊದಲ ವಾರಗಳಲ್ಲಿ ಮರಿಗೆ ತಾನಾಗಿ ಉಚ್ಚೆ ಹೊಯ್ಯಲೂ ಬರುವುದಿಲ್ಲ. ತಾಯಿ ನೆಕ್ಕಿದರೆ ಮಾತ್ರ ಬರುತ್ತದೆ, ತಾಯಿಯೇ ಅದನ್ನು ಶುಚಿ ಮಾಡುತ್ತದೆ. ಸುಮಾರು ಮೂರು ವಾರಕ್ಕೆ ಮರಿ ತೆವಳಿಕೊಂಡು ಮಲಗುವ ಜಾಗ ಬಿಟ್ಟು ಪಕ್ಕಕ್ಕೆ ಹೋಗತೊಡಗುತ್ತದೆ. ಎಂಟೊಂಬತ್ತು ವಾರದ ಹೊತ್ತಿಗೆ ಅದಕ್ಕೊಂದು ಜಾಗ, ಅಂಗಾಲಿಗೆ ತಗಲುವ ಒಂದು ಬಗೆಯ ನೆಲ ರೂಢಿಯಾಗಿಬಿಡುತ್ತದೆ. ಹುಲ್ಲೋ, ಮಣ್ಣೋ, ಸಿಮೆಂಟೋ. ಬಸ್‌ಸ್ಟ್ಯಾಂಡಿನ ಕಾಂಕ್ರೀಟಿನ ಮೇಲೆ ಬೆಳೆದ ನಾಯಿಗೆ ನಿಮ್ಮ ಮನೆಯ ಕೆಂಪು ಗಾರೆ ನೆಲ ಪರಿಚಿತ ಜಾಗದಂತೆಯೇ ಕಾಣುತ್ತದೆ. ವರ್ಷಗಟ್ಟಲೆ ಒಂದೇ ಗೂಟಕ್ಕೆ ಕಟ್ಟಿಸಿಕೊಂಡು, ಮಲಗಿದಲ್ಲೇ ಎಲ್ಲ ಮಾಡಬೇಕಾಗಿ ಬಂದ ನಾಯಿಯ ಸ್ಥಿತಿ ಇನ್ನೂ ಕಷ್ಟದ್ದು. ಮಲಗುವ ಜಾಗ ಹೊಲಸು ಮಾಡಬಾರದೆಂಬ ಹುಟ್ಟುಗುಣವೇ ಅದರಲ್ಲಿ ಮೊಂಡಾಗಿರುತ್ತದೆ. ಕೆಟ್ಟ ಚಾಳಿ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಹಳೆಯ ಯಜಮಾನರ ಚಾಳಿ.

ನಮ್ಮಲ್ಲಿ ಮೂತಿ ಹಿಡಿದು ಉಚ್ಚೆಗೆ ಉಜ್ಜುವ ಪದ್ಧತಿಯೊಂದಿದೆ. ‘ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಹೇಗೆ ಕಿವಿ ಮಡಚಿ ಕೂತಿದೆ’ ಎಂಬ ಸಮರ್ಥನೆ ಬೇರೆ. 2009ರಲ್ಲಿ ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ನಾಯಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ತಿಂಡಿ ಮುಟ್ಟಬೇಡ ಎಂದು ನಾಯಿಗೆ ಹೇಳಿ ಯಜಮಾನರು ಹೊರಗೆ ಹೋಗಬೇಕು. ವಾಪಸು ಬಂದಾಗ ನಾಯಿ ತಿಂದಿತೋ ಇಲ್ಲವೋ ಎಂದು ಹೇಳುವವರು ಸಂಶೋಧಕರು, ಕೆಲವು ಸಲ ಬೇಕೆಂದೇ ಸುಳ್ಳು. ತಿಂದ ನಾಯಿಗೂ ತಿನ್ನದ ನಾಯಿಗೂ ಆ ಅಪರಾಧಿ ಮುಖದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮುಖ ಬದಲಾಗುತ್ತಿದ್ದುದು ಬೈಗುಳಕ್ಕೆ. ಏನೂ ತಿನ್ನದೆ ಬೈಸಿಕೊಂಡವೇ ಎಲ್ಲಕ್ಕಿಂತ ಹೆಚ್ಚು ಮುದುಡಿದ್ದವು. ಉಜ್ಜಿಸಿಕೊಂಡ ನಾಯಿ ಕಲಿಯುವುದು ಒಂದೇ: ಈ ಮನುಷ್ಯರ ಎದುರಿಗೆ ಬೇಡ, ಪಣತದ ಹಿಂದೆ ಆಗಬಹುದು.

ಹಾಗಾದರೆ ಮಳೆಗಾಲದಲ್ಲಿ ಮಾಡುವುದೇನು? ಜಡಿಮಳೆಗೆ ನಾಯಿಯನ್ನು ತಳ್ಳಿ ಬಾಗಿಲು ಹಾಕಿಕೊಂಡರೆ ಅದು ಸೂರಿನಡಿ ನಡುಗುತ್ತಾ ನಿಂತು, ಒಳಗೆ ಬಂದ ಮೇಲೆ ಹೊಯ್ಯುತ್ತದೆ. ಅದಕ್ಕೊಂದು ಮಾಡಿನ ಕೆಳಗಿನ ಜಾಗ ಬೇಕು. ಸೌದೆ ಕೊಟ್ಟಿಗೆಯ ಮಗ್ಗುಲಲ್ಲಿ ಒಂದಿಷ್ಟು ಮಣ್ಣು, ಮೇಲೆ ಒಣ ಅಡಿಕೆ ಸಿಪ್ಪೆಯೋ ದರಕೋ ಹರಡಿ. ಒಳಗಿನ ಉಚ್ಚೆ ಒರೆಸಿದ ಬಟ್ಟೆಯನ್ನು ಅಲ್ಲಿ ಒಂದು ದಿನ ಬಿಡಿ. ಉಳಿದದ್ದನ್ನು ಮೂಗು ಹೇಳುತ್ತದೆ. ಬೆಳಗ್ಗೆ ಎದ್ದ ಕೂಡಲೇ, ಮಲಗುವ ಮುನ್ನ, ಊಟವಾಗಿ ಅರ್ಧ ಗಂಟೆಯೊಳಗೆ ಹಗ್ಗ ಹಿಡಿದು ನೀವೇ ಜೊತೆಗೆ ಹೋಗಬೇಕು. ಹೊಟ್ಟೆಗೆ ಅನ್ನ ಬಿದ್ದೊಡನೆ ದೊಡ್ಡ ಕರುಳು ಚಲಿಸತೊಡಗುವುದು ಎಲ್ಲ ನಾಯಿಗಳಲ್ಲೂ ಉಂಟು. ಅದರಲ್ಲೂ ಮಜ್ಜಿಗೆ ಅನ್ನ ತಿನ್ನುವ ಮಲೆನಾಡಿನ ನಾಯಿಗೆ ನೀರಿನ ಪಾಲು ಜಾಸ್ತಿ, ಹೋಗುವ ಸಲವೂ ಜಾಸ್ತಿ. ಕೆಲಸ ಮುಗಿಸಿದ ಕ್ಷಣದಲ್ಲೇ, ಅಲ್ಲೇ, ಒಂದು ಚೂರು ಒಣಮೀನೋ ಬೆಲ್ಲ ಸೋಕದ ರೊಟ್ಟಿಯೋ ಬಾಯಿಗೆ ಬೀಳಬೇಕು. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ಅದು ಒಳಗೆ ಬಂದದ್ದಕ್ಕೆ ಸಿಕ್ಕ ಬಹುಮಾನ. ನಾಯಿಯ ಲೆಕ್ಕ ಒಂದೆರಡು ಸೆಕೆಂಡಿನದು.

ಒಳಗಿನ ನೆಲದ ವಿಷಯದಲ್ಲಿ ಫಿನಾಯಿಲನ್ನು ನಂಬಬೇಡಿ. ಅದು ವಾಸನೆಯನ್ನು ಮುಚ್ಚುವುದು ನಮ್ಮ ಮೂಗಿಗೆ. ನಮಗಿರುವ ಘ್ರಾಣ ಗ್ರಾಹಕಗಳು ಸುಮಾರು 50–60 ಲಕ್ಷವಾದರೆ ನಾಯಿಗೆ 20 ಕೋಟಿಗೂ ಮೇಲೆ. ಅಮೋನಿಯಾ ಇರುವ ದ್ರವವಂತೂ ಉಚ್ಚೆಯ ನೆನಪನ್ನೇ ತರುತ್ತದೆ. ಸೋಪಿನ ನೀರಲ್ಲಿ ತೊಳೆದು ಆಮೇಲೆ ವಿನೆಗರ್ ಬೆರೆಸಿದ ನೀರಲ್ಲಿ ಒರೆಸಿದರೆ ಸಾಕಷ್ಟು ಹೋಗುತ್ತದೆ; ಕಿಣ್ವವಿರುವ ದ್ರಾವಣ ಸಿಕ್ಕಿದರೆ ಇನ್ನೂ ಒಳ್ಳೆಯದು. ಸಗಣಿ ಸಾರಿಸಿದ ನೆಲ ಹೀರಿಕೊಂಡಿರುತ್ತದೆ, ಮೇಲಿನ ಪದರ ಕೆರೆದು ಹೊಸದಾಗಿ ಸಾರಿಸಬೇಕು. ಬರಿಗೈಯಲ್ಲಿ ಮಾತ್ರ ಬೇಡ: ಇಲಿ ಜ್ವರದ ಬ್ಯಾಕ್ಟೀರಿಯಾ ನಾಯಿಯ ಉಚ್ಚೆಯಲ್ಲೂ ಇರಬಹುದು, ಕೈಯ ಗಾಯದಿಂದ ಒಳಗೆ ಹೋಗಬಹುದು. ನಾಯಿಗೆ ಇದರ ಲಸಿಕೆ ಇದೆ.

ಗಂಡುನಾಯಿ ಕಾಲೆತ್ತಿ ಕಂಬಕಂಬಕ್ಕೂ ನಾಲ್ಕು ಹನಿ ಬಿಡುತ್ತಿದ್ದರೆ ಅದು ಗಡಿ ಗುರುತು, ಒತ್ತಡದ ಉಚ್ಚೆಯಲ್ಲ. ಸಂತಾನಹರಣ ಚಿಕಿತ್ಸೆಯಿಂದ ಹಲವು ನಾಯಿಗಳಲ್ಲಿ ಕಡಿಮೆಯಾಗುತ್ತದೆ, ಎಲ್ಲವುಗಳಲ್ಲೂ ಅಲ್ಲ. ಆಪರೇಶನ್ ಆದ ಹೆಣ್ಣುನಾಯಿ ನಿದ್ದೆಯಲ್ಲಿ ಮಲಗಿದ ಚೀಲ ಒದ್ದೆ ಮಾಡಿದರೆ ಮೂತ್ರನಾಳದ ಬಿಗಿ ಸಡಿಲಾಗಿರಬಹುದು. ಅದಕ್ಕೆ ಮಾತ್ರೆಯಿದೆ, ಪಾಠ ಹೇಳಿ ಫಲವಿಲ್ಲ. ಚೆನ್ನಾಗಿದ್ದ ನಾಯಿ ಇದ್ದಕ್ಕಿದ್ದಂತೆ ಒಳಗೆ ಹೊಯ್ಯತೊಡಗಿ ನೀರನ್ನೂ ಜಾಸ್ತಿ ಕುಡಿಯುತ್ತಿದ್ದರೆ, ಬೆಳಗಿನ ಮೊದಲ ಉಚ್ಚೆಯನ್ನು ತೊಳೆದು ಒಣಗಿಸಿದ ಬಾಟಲಿಯಲ್ಲಿ ಹಿಡಿದುಕೊಂಡು ಅವತ್ತೇ ಪಶು ಆಸ್ಪತ್ರೆಗೆ ಹೋಗಿ.