‘ಪಾಲಿಸಿಯಲ್ಲಿ ಇಲ್ಲ’ ಅಂದರೆ ಸುಮ್ಮನಾಗಬೇಡಿ

ಗಾಲಿಕುರ್ಚಿ, ಕೃತಕ ಕಾಲು, ಶ್ರವಣ ಸಾಧನ ಇಲ್ಲದೆ ಕೆಲವರಿಗೆ ಮಸೀದಿಗೂ ಹೋಗಲಾಗದು, ಮದ್ರಸದ ಪಾಠವೂ ಕೇಳಿಸದು. ಬಿಲ್ ಕೊಟ್ಟರೆ ವಿಮಾ ಕಂಪೆನಿಯಿಂದ ‘ಪಾಲಿಸಿಯಲ್ಲಿ ಇಲ್ಲ’ ಎಂಬ ಪತ್ರ ಬರುತ್ತದೆ. ಎಷ್ಟೋ ಮನೆಗಳಲ್ಲಿ ‘ಅಲ್ಲಾಹನ ಇಚ್ಛೆ’ ಎಂದು ಅದನ್ನು ಮಡಚಿಟ್ಟು ಝಕಾತ್‌ಗೆ ಕಾಯುತ್ತಾರೆ. ಸಬ್ರ್ ಬೇಕು, ನಿಜ. ಹಾಗಂತ ಹಕ್ಕು ಬಿಡಬೇಕಾಗಿಲ್ಲ.

ಯಾವ ಷರತ್ತಿನಡಿ ತಿರಸ್ಕರಿಸಿದ್ದು ಅಂತ ಲಿಖಿತವಾಗಿ ಕೇಳಿ. ನಡೆಯಲು ನೆರವಾಗುವ ಸಾಧನಗಳನ್ನು ಅನೇಕ ಪಾಲಿಸಿಗಳು ಹೊರಗಿಟ್ಟಿವೆ. ಶಸ್ತ್ರಚಿಕಿತ್ಸೆಯಲ್ಲಿ ದೇಹದೊಳಗೆ ಅಳವಡಿಸುವ ಸಾಧನಗಳ ಷರತ್ತು ಬೇರೆ ಇರಬಹುದು. ಸಾಧನ ಏಕೆ ಅಗತ್ಯ ಎಂದು ವೈದ್ಯರಿಂದ ಬರೆಸಿ, ಕಂಪೆನಿಯ ದೂರು ವಿಭಾಗಕ್ಕೆ ಕೊಡಿ. ತಿಂಗಳೊಳಗೆ ಉತ್ತರ ಬಾರದಿದ್ದರೆ, ಬಂದದ್ದು ಸರಿಕಾಣದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ವರ್ಷದೊಳಗೆ ದೂರು ಸಲ್ಲಿಸಿ. ಶುಲ್ಕವಿಲ್ಲ, ವಕೀಲರೂ ಬೇಡ. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255.

ಪಾಲಿಸಿಯಲ್ಲಿ ನಿಜಕ್ಕೂ ಇಲ್ಲವೆಂದಾದರೆ ಕೇಂದ್ರದ ಎಡಿಐಪಿ ಯೋಜನೆ ಇದೆ. ಕಡಿಮೆ ಆದಾಯದವರಿಗೆ ಸಾಧನ ಉಚಿತ. ಅಂಗವಿಕಲರ ಯುಡಿಐಡಿ ಕಾರ್ಡ್ ಈಗಲೇ ಮಾಡಿಸಿಡಿ.

ಅರ್ಜಿ ಬರೆಯಲು ಬಾರದವರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಜಮಾಅತ್‌ನ ಕಲಿತ ಯುವಕರು ಜುಮಾ ಬಳಿಕ ಅರ್ಧ ಗಂಟೆ ಕೂತು ಬರೆದುಕೊಟ್ಟರೆ ಅದೂ ಸದಖಾವೇ.