ಸ್ವಾಲ್ಬಾರ್ಡ್ ಪ್ರವಾಸ: ಮೊದಲು ತಿಂಗಳು ಆರಿಸಿ, ಆಮೇಲೆ ಟಿಕೆಟ್

ಇವತ್ತು ಮಾತಾಡ್ತಾ ಇರೋದು ಸ್ವಾಲ್ಬಾರ್ಡ್ ಬಗ್ಗೆ. ನಾರ್ವೆ ದೇಶದ ಉತ್ತರ ತುದಿಗೂ ಉತ್ತರ ಧ್ರುವಕ್ಕೂ ನಡುವೆ ಇರುವ ದ್ವೀಪಗಳ ಗುಂಪು ಇದು. ಮುಖ್ಯ ಊರು ಲಾಂಗ್‌ಇಯರ್‌ಬೀನ್, 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜನಸಂಖ್ಯೆ ಸುಮಾರು 2,500. ಅಷ್ಟು ಉತ್ತರದಲ್ಲಿದ್ರೂ ಓಸ್ಲೋದಿಂದ ಮಾಮೂಲಿ ಪ್ಯಾಸೆಂಜರ್ ವಿಮಾನದಲ್ಲಿ ಸುಮಾರು ಮೂರು ಗಂಟೆ ಅಷ್ಟೇ. ನಮ್ಮಂಥವರು ರಜೆ ಹಾಕಿ ಹೋಗಿಬರಬಹುದಾದ ಆರ್ಕ್ಟಿಕ್ ಕಾಡುಜಾಗ ಅಂದ್ರೆ ಬಹುಶಃ ಇದೇ ಅತಿ ಸುಲಭದ್ದು.

ಆದರೆ ಪ್ಲ್ಯಾನಿಂಗ್‌ನಲ್ಲಿ ಸಾಮಾನ್ಯವಾಗಿ ಏನಾಗತ್ತೆ ಅಂದ್ರೆ, ನಾವು ಮೊದಲು ಫ್ಲೈಟ್ ರೇಟ್ ನೋಡ್ತೀವಿ, ಆಮೇಲೆ ಆಫೀಸಿನ ರಜೆ ನೋಡ್ತೀವಿ, ಕೊನೆಗೆ ಅಲ್ಲಿ ಏನು ಕಾಣತ್ತೆ ಅಂತ ಹುಡುಕ್ತೀವಿ. ರಿಕ್ವೈರ್‌ಮೆಂಟ್ ಗೊತ್ತಿಲ್ಲದೇ ಕೋಡ್ ಬರೆಯೋಕೆ ಕೂತ ಹಾಗೆ. ಸ್ವಾಲ್ಬಾರ್ಡ್‌ನಲ್ಲಿ ಇದು ನಡೆಯಲ್ಲ. ಅಲ್ಲಿ ಮಾರ್ಚ್ ತಿಂಗಳಿನ ಊರೇ ಬೇರೆ, ಜುಲೈ ತಿಂಗಳಿನ ಊರೇ ಬೇರೆ. ಏನು ನೋಡಬೇಕು ಅನ್ನೋದು ತಿಂಗಳನ್ನ ನಿರ್ಧರಿಸತ್ತೆ. ತಿಂಗಳು ಮಿಕ್ಕಿದ್ದೆಲ್ಲವನ್ನೂ ನಿರ್ಧರಿಸತ್ತೆ.

ಮೂರು ಕಾಲ, ಮೂರು ಬೇರೆ ಪ್ರವಾಸ

ಮೊದಲನೆಯದು ಕತ್ತಲ ಕಾಲ. ಲಾಂಗ್‌ಇಯರ್‌ಬೀನ್‌ನಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಸೂರ್ಯ ದಿಗಂತದ ಮೇಲೆ ಬರೋದೇ ಇಲ್ಲ. ನವೆಂಬರ್ ಮಧ್ಯದಿಂದ ಜನವರಿ ಕೊನೆವರೆಗೆ ಮಧ್ಯಾಹ್ನ ಹನ್ನೆರಡಕ್ಕೂ ರಾತ್ರಿಯ ಹಾಗೇ ಇರತ್ತೆ. ಆಕಾಶ ತಿಳಿಯಾಗಿದ್ರೆ ಹಗಲು ಹೊತ್ತಲ್ಲೇ ಅರೋರಾ, ಅಂದ್ರೆ ಧ್ರುವಪ್ರಭೆ ಕಾಣೋ ಅವಕಾಶ ಇದೆ. ಪ್ರಾಣಿ-ಪಕ್ಷಿ ನೋಡೋಕೆ ಮಾತ್ರ ಇದು ಕಾಲ ಅಲ್ಲ.

ಎರಡನೆಯದು ಬೆಳಕಿನ ಚಳಿಗಾಲ: ಮಾರ್ಚ್‌ನಿಂದ ಮೇ ಮಧ್ಯದವರೆಗೆ. ಬೆಟ್ಟಗಳ ಹಿಂದೆ ಅಡಗಿದ್ದ ಸೂರ್ಯನ ಬಿಸಿಲು ಊರೊಳಗೆ ಬೀಳೋದು ಮಾರ್ಚ್ 8ರ ಸುಮಾರಿಗೆ. ಊರವರು ಅದನ್ನ ಒಂದು ವಾರ ಹಬ್ಬವಾಗಿ ಆಚರಿಸ್ತಾರೆ. ಎಲ್ಲೆಲ್ಲೂ ಹಿಮ, ಚಳಿ ಮೈನಸ್ ಹತ್ತು-ಇಪ್ಪತ್ತರ ಆಸುಪಾಸು. ಸ್ನೋಮೊಬೈಲ್, ನಾಯಿಗಳು ಎಳೆಯುವ ಜಾರುಬಂಡಿ, ಎಲ್ಲ ಈ ಕಾಲದ್ದು. ಗಿಡ್ಡ ಕಾಲಿನ ಸ್ವಾಲ್ಬಾರ್ಡ್ ಹಿಮಸಾರಂಗ ಊರೊಳಗೇ ಮೇಯ್ತಾ ಸಿಗತ್ತೆ.

ಮೂರನೆಯದು ಬೇಸಿಗೆ: ಜೂನ್‌ನಿಂದ ಆಗಸ್ಟ್. ಏಪ್ರಿಲ್ 20ರ ಸುಮಾರಿನಿಂದ ಆಗಸ್ಟ್ 22ರ ಸುಮಾರಿನವರೆಗೆ ಸೂರ್ಯ ಮುಳುಗೋದೇ ಇಲ್ಲ. ಜುಲೈನಲ್ಲಿ ಸರಾಸರಿ ತಾಪಮಾನ ಆರೇಳು ಡಿಗ್ರಿ. ಊರೂರಿಗೆ ರಸ್ತೆ ಇಲ್ಲ, ಹಾಗಾಗಿ ಓಡಾಟ ಹಡಗಿನಲ್ಲಿ. ನಿಜವಾದ ವನ್ಯಜೀವಿ ಪ್ರವಾಸ ಅಂದ್ರೆ ಇದು. ವಾಲ್ರಸ್, ಬೆಲುಗಾ ತಿಮಿಂಗಿಲ, ಸೀಲ್, ಆರ್ಕ್ಟಿಕ್ ನರಿ, ಲಕ್ಷಾಂತರ ಕಡಲ ಹಕ್ಕಿಗಳು. ಅರೋರಾ ಮಾತ್ರ ಕಾಣಲ್ಲ, ಕತ್ತಲೇ ಇಲ್ವಲ್ಲ! "ಜುಲೈನಲ್ಲಿ ಹೋಗಿ ಅರೋರಾನೂ ನೋಡ್ಕೊಂಡು ಬರೋಣ" ಅನ್ನೋ ಪ್ಲ್ಯಾನ್ ಅಲ್ಲಿಗೇ ಬಿದ್ದುಹೋಗತ್ತೆ.

ಬೇಸಿಗೆಯಲ್ಲೂ ಒಳಲೆಕ್ಕ ಇದೆ. ಹಿನ್‌ಲೋಪನ್ ಜಲಸಂಧಿಯ ಪಕ್ಕ ಆಲ್ಕೆಫ್ಯೆಲೆಟ್ ಅನ್ನೋ ಕಡಿದಾದ ಬಂಡೆ ಇದೆ. ಅಲ್ಲಿ ಸುಮಾರು 60,000 ಜೋಡಿ ಗಿಲಿಮಾಟ್ ಹಕ್ಕಿಗಳು ಗೂಡು ಮಾಡ್ತವೆ. ಜುಲೈ ಕೊನೆಯ ಹೊತ್ತಿಗೆ, ಇನ್ನೂ ಸರಿಯಾಗಿ ಹಾರೋಕೆ ಬರದ ಮರಿಗಳು ಬಂಡೆಯಿಂದ ನೀರಿಗೆ ಧುಮುಕಿ, ಜೊತೆಗೆ ಅಪ್ಪ-ಹಕ್ಕಿ ಈಜಿಕೊಂಡು ಕಡಲಿಗೆ ಹೋಗಿಬಿಡತ್ತೆ. ಆಗಸ್ಟ್ ಮಧ್ಯದಲ್ಲಿ ಹೋದ್ರೆ ಬಂಡೆ ಹೆಚ್ಚುಕಡಿಮೆ ಖಾಲಿ. ಜೂನ್ ಶುರುವಲ್ಲಿ ಹೋದ್ರೆ ಉತ್ತರದ ಕಡೆ ಕಡಲ ಮಂಜುಗಡ್ಡೆ ದಾರಿ ಕಟ್ಟಿರಬಹುದು. ಹಕ್ಕಿಗಳೇ ಮುಖ್ಯ ಅನ್ನೋರಿಗೆ ಜೂನ್ ಕೊನೆಯಿಂದ ಜುಲೈ ಮೂರನೇ ವಾರದವರೆಗೆ ಒಳ್ಳೇ ಸಮಯ.

"ಕರಡಿ ಕಂಡ್ತಾ?"

ಈಗ ಎಲ್ಲರ ಮನಸ್ಸಲ್ಲಿರೋ ಪ್ರಶ್ನೆಗೆ ಬರ್ತೀನಿ. ಕಬಿನಿಗೋ ತಡೋಬಾಕ್ಕೋ ಹೋಗಿಬಂದವರನ್ನ ನಾವು ಕೇಳೋದು ಒಂದೇ: ಹುಲಿ ಕಂಡ್ತಾ? ಕಾಣಲಿಲ್ಲ ಅಂದ್ರೆ ದುಡ್ಡು ವೇಸ್ಟ್ ಅನ್ನೋ ಮುಖ ಮಾಡ್ತೀವಿ. ಅದೇ ಮನಸ್ಸಲ್ಲಿ ಸ್ವಾಲ್ಬಾರ್ಡ್‌ಗೆ ಹೋದ್ರೆ ನಿರಾಸೆ ಖಂಡಿತ.

ಕಾರಣ ಹೇಳ್ತೀನಿ. ಹಿಮಕರಡಿಗೆ ಅಲ್ಲಿ 1973ರಿಂದ ಸಂಪೂರ್ಣ ರಕ್ಷಣೆ ಇದೆ. 2025ರ ಜನವರಿ 1ರಿಂದ ನಿಯಮ ಇನ್ನೂ ಬಿಗಿಯಾಗಿದೆ. ಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ವಸಂತದಲ್ಲಿ ದೂರ ಯಾಕೆ ಜಾಸ್ತಿ? ತಾಯಿ ಕರಡಿ ಮರಿಗಳ ಜೊತೆ ಬಿಲದಿಂದ ಹೊರಗೆ ಬರೋದು ಆಗ. ತಿಂಗಳುಗಟ್ಟಲೆ ಉಪವಾಸ ಇದ್ದು ಬಂದಿರತ್ತೆ. ಸೀಲ್‌ಗಳು ಮರಿ ಹಾಕೋದೂ ಆಗಲೇ. ಆ ಕೆಲವು ವಾರದಲ್ಲಿ ಅದು ಹೊಟ್ಟೆ ತುಂಬಿಸ್ಕೊಂಡು ಕೊಬ್ಬು ಕಟ್ಟಬೇಕು. ನಮ್ಮ ದೋಣಿ ನೋಡಿ ಬೇಟೆ ಬಿಟ್ಟು ಎದ್ದು ಹೋದ್ರೆ ನಷ್ಟ ಅದಕ್ಕೆ, ಅದರ ಮರಿಗಳಿಗೆ.

ಇನ್ನೊಂದು ವಿಷಯ. ಮನುಷ್ಯ-ಕರಡಿ ಹತ್ತಿರ ಬಂದಾಗ ಕೊನೆಗೆ ಸಾಯೋದು ಹೆಚ್ಚಾಗಿ ಕರಡಿ. 2018ರಲ್ಲಿ ಪ್ರವಾಸಿ ಹಡಗಿನ ಕಾವಲುಗಾರನೊಬ್ಬನ ಮೇಲೆ ಕರಡಿ ಎರಗಿತು. ಆತ ಗಾಯದಿಂದ ಉಳಿದ, ಕರಡಿಗೆ ಗುಂಡು ಬಿತ್ತು. 2020ರ ಆಗಸ್ಟ್‌ನಲ್ಲಿ ಲಾಂಗ್‌ಇಯರ್‌ಬೀನ್ ವಿಮಾನ ನಿಲ್ದಾಣದ ಹತ್ತಿರದ ಕ್ಯಾಂಪ್ ಜಾಗದಲ್ಲಿ ಒಬ್ಬರು ಕರಡಿಗೆ ಬಲಿಯಾದರು. ಆ ಕರಡಿಯೂ ಸತ್ತಿತು. ಅದಕ್ಕೇ ಊರ ಗಡಿ ದಾಟಿದ್ರೆ ಕರಡಿಯನ್ನ ಬೆದರಿಸಿ ಓಡಿಸುವ ಸಾಧನ ಜೊತೆಗಿರಲೇಬೇಕು ಅಂತ ಕಾನೂನು. ಬಂದೂಕು ಹಿಡಿದ ಗೈಡ್ ಇಲ್ಲದೇ "ಸುಮ್ನೆ ಒಂದು ವಾಕ್ ಹೋಗ್ಬರ್ತೀನಿ" ಅನ್ನೋ ಹಾಗಿಲ್ಲ.

ಹಾಗಾಗಿ ಕರಡಿ ಕಂಡ್ರೆ ಅದು ದೂರದ ಬಿಳಿ ಬಂಡೆ ಮೇಲೆ ನಡೆದು ಹೋಗ್ತಿರೋ ಒಂದು ಹಳದಿ ಚುಕ್ಕೆ. ಒಳ್ಳೇ ಬೈನಾಕ್ಯುಲರ್ ಬೇಕು. ಹತ್ತಿರದಿಂದ ತೋರಿಸ್ತೀವಿ ಅಂತ ಯಾವುದಾದ್ರೂ ಕಂಪನಿ ಆಸೆ ಹುಟ್ಟಿಸಿದ್ರೆ ಅಲ್ಲಿ ಬುಕ್ ಮಾಡಬೇಡಿ. ಪ್ರವಾಸ ಆರಿಸುವಾಗ ಕೇಳ್ಕೊಳ್ಳಬೇಕಾದ ಪ್ರಶ್ನೆ ಇದು: ಕರಡಿ ಕಾಣದೇ ಇದ್ರೂ ನನಗೆ ಈ ಪ್ರವಾಸ ಬೇಕಾ? ಹೌದು ಅಂದ್ರೆ ಮುಂದೆ ಹೋಗಿ.

ಹಡಗು ಯಾವುದು?

ಎರಡು ದಾರಿ. ಒಂದು, ಲಾಂಗ್‌ಇಯರ್‌ಬೀನ್‌ನಲ್ಲೇ ಉಳಿದು ದಿನದ ದೋಣಿ ಪ್ರವಾಸ ಮಾಡೋದು. ಹಿಮನದಿಯ ಮುಖ, 1998ರಲ್ಲಿ ಗಣಿ ನಿಂತು ಖಾಲಿಯಾದ ಸೋವಿಯತ್ ಊರು ಪಿರಮಿಡೆನ್, ವಾಲ್ರಸ್ ಮಲಗುವ ದಂಡೆ, ಇಷ್ಟಕ್ಕೆ ನಾಲ್ಕೈದು ದಿನ ಸಾಕು. ಖರ್ಚೂ ಕಡಿಮೆ. ಇನ್ನೊಂದು, ವಾರ-ಹತ್ತು ದಿನದ ಎಕ್ಸ್‌ಪೆಡಿಷನ್ ಹಡಗು. ಬಜೆಟ್‌ನ ದೊಡ್ಡ ಪಾಲು ಇದಕ್ಕೇ ಹೋಗತ್ತೆ.

ಹಡಗು ಆರಿಸುವಾಗ ಪ್ರಯಾಣಿಕರ ಸಂಖ್ಯೆ ನೋಡಿ. ಸ್ವಾಲ್ಬಾರ್ಡ್ ನೆಲದ ಸುಮಾರು ಮೂರನೇ ಎರಡು ಭಾಗ ಸಂರಕ್ಷಿತ ಪ್ರದೇಶ. 2025ರಿಂದ ಅಲ್ಲಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಹೋಗುವಂತಿಲ್ಲ, ಇಳಿಯೋಕೂ ಗೊತ್ತುಮಾಡಿದ 43 ಜಾಗ ಮಾತ್ರ. ಹಡಗಿನಿಂದ ದಂಡೆಗೆ ರಬ್ಬರ್ ದೋಣಿಯಲ್ಲಿ ಹೋಗಿ, ಮೊಣಕಾಲುದ್ದ ಬೂಟು ಹಾಕ್ಕೊಂಡು ನೀರಿಗೇ ಇಳೀಬೇಕು. ಅಪ್ಪ-ಅಮ್ಮನ್ನ ಕರ್ಕೊಂಡು ಹೋಗೋ ಯೋಚನೆ ಇದ್ರೆ ಅವರ ಮಂಡಿನೋವನ್ನೂ ಲೆಕ್ಕಕ್ಕೆ ತಗೊಳ್ಳಿ.

ವೀಸಾ: ಇಲ್ಲೇ ಸಿಕ್ಕಿಹಾಕ್ಕೊಳ್ಳೋದು

ಸ್ವಾಲ್ಬಾರ್ಡ್‌ಗೆ ವೀಸಾ ಬೇಡ ಅನ್ನೋದು ನಿಜ. ಆದರೆ ಅಲ್ಲಿಗೆ ಹೋಗೋ ದಾರಿ ಓಸ್ಲೋ ಅಥವಾ ಟ್ರೊಮ್ಸೋ ಮೂಲಕ, ಅದು ಷೆಂಗೆನ್. ಸ್ವಾಲ್ಬಾರ್ಡ್ ಷೆಂಗೆನ್‌ನಿಂದ ಹೊರಗೆ. ಅಂದ್ರೆ ಓಸ್ಲೋದಲ್ಲಿ ಇಳಿದಾಗ ಒಂದು ಎಂಟ್ರಿ, ಸ್ವಾಲ್ಬಾರ್ಡ್‌ಗೆ ಹೊರಟಾಗ ಎಕ್ಸಿಟ್, ವಾಪಸ್ ಬಂದಾಗ ಎರಡನೇ ಎಂಟ್ರಿ. ಸಿಂಗಲ್ ಎಂಟ್ರಿ ವೀಸಾ ಇದ್ರೆ ವಾಪಸ್ ಬರೋಕೆ ಆಗಲ್ಲ. ಡಬಲ್ ಅಥವಾ ಮಲ್ಟಿಪಲ್ ಎಂಟ್ರಿ ಕೇಳಿ, ಸ್ವಾಲ್ಬಾರ್ಡ್ ಟಿಕೆಟ್ ವಿವರ ಅರ್ಜಿ ಜೊತೆ ಇಡಿ. ಪ್ರಯಾಣಕ್ಕೆ ಆರು ತಿಂಗಳ ಮೊದಲಿಂದ ಅರ್ಜಿ ಹಾಕಬಹುದು.

ಇನ್ಶೂರೆನ್ಸ್‌ನಲ್ಲೂ ಇದೇ ತೊಡಕು. ವೀಸಾಕ್ಕೆ 30,000 ಯೂರೋ ಕವರ್ ಇರೋ ಪಾಲಿಸಿ ಸಾಕು. ಆದರೆ ಅದು ಸ್ವಾಲ್ಬಾರ್ಡ್‌ಗೂ ಅನ್ವಯಿಸತ್ತಾ, ಹುಡುಕಾಟ-ರಕ್ಷಣೆಯ ಖರ್ಚು ಕೊಡತ್ತಾ, ಬರಹದಲ್ಲಿ ಕೇಳಿ ಇಟ್ಕೊಳ್ಳಿ. ಲಾಂಗ್‌ಇಯರ್‌ಬೀನ್‌ನಲ್ಲಿರೋದು ಸಣ್ಣ ಆಸ್ಪತ್ರೆ. ಗಂಭೀರ ಕಾಯಿಲೆ ಆದ್ರೆ ವಿಮಾನದಲ್ಲಿ ಟ್ರೊಮ್ಸೋಗೆ ಸಾಗಿಸ್ತಾರೆ.

ಕೊನೆಯದಾಗಿ ಕೆಲವು ಚಿಕ್ಕ ಮಾತು

ಸಸ್ಯಾಹಾರಿಗಳು ಹಡಗಿನವರಿಗೆ ಬುಕಿಂಗ್ ಸಮಯದಲ್ಲೇ ತಿಳಿಸಿ. ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ; ತುಪ್ಪ, ಪನೀರ್ ಬೇಡ, ಹಾಲಿನ ಪದಾರ್ಥ ನಾರ್ವೆಗೆ ಒಯ್ಯುವಂತಿಲ್ಲ. ಡ್ರೋನ್ ಮನೇಲೇ ಬಿಡಿ. ಹೂವು ಕೀಳಬಾರದು. 1946ಕ್ಕಿಂತ ಹಳೆಯ ಯಾವ ವಸ್ತುವನ್ನೂ, ತುಕ್ಕು ಹಿಡಿದ ಮೊಳೆಯಾದ್ರೂ ಸರಿ, ಮುಟ್ಟಬಾರದು. ಮಲಗೋಕೆ ಕಣ್ಣುಪಟ್ಟಿ ಬೇಕು. ವಿಮಾನ ತಡವಾಗಬಹುದು, ಓಸ್ಲೋದಲ್ಲಿ ಒಂದು ದಿನ ಸ್ಪೇರ್ ಇಟ್ಕೊಳ್ಳಿ.

ಹಡಗು ನ್ಯೂ-ಓಲೆಸುಂಡ್‌ಗೆ ಹೋದ್ರೆ ಅಲ್ಲಿ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ ಇದೆ, 2008ರಲ್ಲಿ ಶುರುವಾದದ್ದು. ಅಲ್ಲಿನ ಸೂಕ್ಷ್ಮ ಉಪಕರಣಗಳಿಗೆ ತೊಂದರೆ ಆಗಬಾರದು ಅಂತ 20 ಕಿಲೋಮೀಟರ್ ವ್ಯಾಪ್ತಿಯೊಳಗೆ ವೈಫೈ, ಬ್ಲೂಟೂತ್ ಎರಡೂ ಆಫ್ ಮಾಡಬೇಕು. ಪೇಜರ್ ಡ್ಯೂಟಿ ಇರೋ ನಮ್ಮಂಥವರಿಗೆ ಇದಕ್ಕಿಂತ ಒಳ್ಳೇ ನೆಪ ಬೇರೆ ಸಿಗಲಿಕ್ಕಿಲ್ಲ.

ಹಾಗಾದ್ರೆ ಕ್ರಮ ಇಷ್ಟು: ಏನು ನೋಡಬೇಕು, ಯಾವ ತಿಂಗಳು, ಯಾವ ಹಡಗು, ಎಷ್ಟು ಎಂಟ್ರಿ ವೀಸಾ. ಆಮೇಲೆ ಫ್ಲೈಟ್ ರೇಟ್.