ಮಳೆಗಾಲದ ಹಾಳೆ

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರಿಗೆ ತೇವಾಂಶದ ಪಾಠ ಹೇಳಬೇಕಾಗಿಲ್ಲ. ಅರೇಬಿಕಾ ಪಾರ್ಚ್‌ಮೆಂಟ್ ಶೇ. 10ಕ್ಕೆ ಇಳಿಯಿತೇ ಎಂದು ಮೀಟರಿನಲ್ಲಿ ನೋಡಿಯೇ ಮೂಟೆ ಕಟ್ಟುವ ಜನ. ಅದೇ ಮನೆಯ ಲೆಕ್ಕದ ಕೋಣೆಯಲ್ಲಿ, ಲೇಸರ್ ಪ್ರಿಂಟರಿನ ಪಕ್ಕ, ಒಡೆದ ರೀಮು ಆಷಾಢವಿಡೀ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ. ಹಾಳೆ ಸಿಕ್ಕಿಕೊಂಡರೆ ಬೈಗುಳ ಮಾತ್ರ ಪ್ರಿಂಟರಿಗೆ!

ಕಾಗದವೆಂದರೆ ಒತ್ತಿದ ನಾರು. ಕಾರ್ಖಾನೆ ಬಿಡುವಾಗ ಅದರಲ್ಲಿ ಶೇ. 5ರ ಆಸುಪಾಸು ತೇವ ಇರುತ್ತದೆ. ಕಳಸದ ಪುನರ್ವಸು ಮಳೆಯ ಗಾಳಿಗೆ ಒಡ್ಡಿದರೆ ಅದು ಸುಮ್ಮನೆ ಹೀರುತ್ತಾ ಹೋಗುತ್ತದೆ. ಲೇಸರ್ ಪ್ರಿಂಟರಿನಲ್ಲಿ ಶಾಯಿಯಿಲ್ಲ, ಟೋನರ್ ಎಂಬ ನುಣ್ಣನೆಯ ಪುಡಿ. ಅದು ಡ್ರಮ್ಮಿನಿಂದ ಹಾಳೆಗೆ ಹಾರುವುದು ವಿದ್ಯುದಾವೇಶದ ಸೆಳೆತದಿಂದ. ಹಸಿ ಹಾಳೆಯಲ್ಲಿ ಆ ಆವೇಶ ನಿಲ್ಲದೆ ಸೋರಿಹೋಗುತ್ತದೆ, ಅಕ್ಷರ ಮಬ್ಬಾಗುತ್ತದೆ. ಕನ್ನಡದಲ್ಲಿ ಮೊದಲು ಮಾಯವಾಗುವುದು ಒತ್ತಕ್ಷರದ ಸಣ್ಣ ಬಾಲಗಳು. ಆಮೇಲೆ ಪುಡಿಯನ್ನು ಕರಗಿಸಿ ಅಂಟಿಸುವ ಉರುಳೆ ಸುಮಾರು 180 ಡಿಗ್ರಿ ಕಾದಿರುತ್ತದೆ. ಅಲ್ಲಿ ತೇವ ಆವಿಯಾಗಿ ಹಾಳೆ ಹಪ್ಪಳದಂತೆ ಮುರುಟುತ್ತದೆ. ಸಿಕ್ಕಿಕೊಳ್ಳುವುದು ಆಗಲೇ.

ಇನ್ನು ತೂಕ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಎಂಬ ಲೆಕ್ಕ. ಎ4 ಹಾಳೆ 16 ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 80 ಜಿಎಸ್‌ಎಂ ಹಾಳೆ 5 ಗ್ರಾಂ, 500ರ ರೀಮು ಎರಡೂವರೆ ಕಿಲೋ. ಅಂಗಡಿಯ ತಕ್ಕಡಿಯಲ್ಲೇ ಪರೀಕ್ಷಿಸಬಹುದು. 70 ಅಗ್ಗ, ಒಂದು ಬದಿಯ ಬಿಲ್ಲಿಗೆ ಸಾಕು. ಎರಡೂ ಬದಿ ಮುದ್ರಿಸುವವರು, ಮಳೆ ನಾಡಿನವರು, 75 ಅಥವಾ 80 ಕೊಳ್ಳುವುದೇ ವಾಸಿ ಎಂದು ನನ್ನ ಎಣಿಕೆ. ತೆಳು ಹಾಳೆ ತೇವಕ್ಕೆ ಬೇಗ ಸೋಲುತ್ತದೆ.

ಇಂಕ್‌ಜೆಟ್ಟಿನ ಹೊಳಪು ಫೋಟೊ ಹಾಳೆಯನ್ನು ಮಾತ್ರ ಲೇಸರ್ ಪ್ರಿಂಟರಿಗೆ ತುರುಕಬೇಡಿ. ಅದರ ಲೇಪ ಬಿಸಿ ಉರುಳೆಗೆ ಕರಗಿ ಅಂಟಿದರೆ ರಿಪೇರಿಗೆ ಪೇಟೆಗೇ ಹೋಗಬೇಕು. ಒರಟು ಬಾಂಡ್ ಕಾಗದದ ತಗ್ಗುಗಳಲ್ಲಿ ಪುಡಿ ಸರಿಯಾಗಿ ಕೂರುವುದಿಲ್ಲ.

ಕಾಗದ ನಮಗೆ ದೂರದ ಸರಕೇನಲ್ಲ. ಕಳಸವನ್ನು ಬಳಸಿ ಹೋಗುವ ಭದ್ರೆ ಕೆಳಗೆ ಭದ್ರಾವತಿ ಸೇರುವಲ್ಲಿ 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಹುಟ್ಟಿತು. ಅದರ ಯಂತ್ರಗಳು ನಿಂತು ವರ್ಷಗಳಾದವು. 1955ರಲ್ಲಿ ಶುರುವಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾರ್ಖಾನೆ ಇನ್ನೂ ಕಾಗದ ಮಾಡುತ್ತಿದೆ.

ರೀಮಿನ ಹೊರಹೊದಿಕೆಯ ಒಳಮೈಗೆ ತೇವ ತಡೆಯುವ ಲೇಪವಿರುತ್ತದೆ, ಹರಿದು ಎಸೆಯಬೇಡಿ. ಬೇಕಾದಷ್ಟನ್ನೇ ತಟ್ಟೆಗೆ ಹಾಕಿ, ಉಳಿದದ್ದನ್ನು ಅದರಲ್ಲೇ ಸುತ್ತಿ ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ನೆಲದ ಮೇಲೆ, ಹೊರಗೋಡೆಗೆ ತಾಗಿಸಿ ಇಡುವುದಂತೂ ಬೇಡ. ಹಸಿಯಾದ ಹಾಳೆಯನ್ನು ಒಲೆಯ ಮೇಲೆ ಹಿಡಿದು ಒಣಗಿಸುವವರೂ ಇದ್ದಾರೆ. ಒಂದೇ ಮೈ ಒಣಗಿ ಇನ್ನಷ್ಟು ಮುರುಟುತ್ತದೆ. ಅಂಥ ಹಾಳೆ ಆಳುಗಳ ವಾರದ ಲೆಕ್ಕ ಬರೆಯಲು ಆದೀತು, ಪೆನ್ನಿನಲ್ಲಿ.